ಎರಡು ಪುಟದ ಕಣ್ಣೀರು

ಜಮಖಂಡಿ ಬಸ್ ನಿಲ್ದಾಣದಲ್ಲಿ ಕಾಯುವವರಿಗೆ ದುರಗೇಶ ಎಂದರೆ ಒಂದು ದನಿ, ಅಷ್ಟೇ. ‘ಸಾವಳಗಿಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ’ ಎಂದು ಮೈಕಿನಲ್ಲಿ ಕೂಗುವ ಈ ಕಂಟ್ರೋಲರ್ ಕಥೆಯನ್ನೂ ಬರೆಯುತ್ತಾನೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ, ‘ಹೌದೇನ್ರೀ? ಅಂದಂಗ ಬನಹಟ್ಟಿ ಗಾಡಿ ಎಷ್ಟಕ್ಕ ಬರತೈತಿ?’ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಅವರದೇನೂ ತಪ್ಪಿಲ್ಲ. ಕಥೆ ಬರೆಯುವವರ ಸಹವಾಸದಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ದುರಗೇಶನಿಗೂ ಹಾಗೇ ಅನ್ನಿಸತೊಡಗಿತ್ತು. ಬಸ್ಸಿನ ವೇಳೆ ಕೇಳುವವರು ಕಡೇಪಕ್ಷ ತಮಗೆ ಬೇಕಾದ್ದನ್ನು ನೇರವಾಗಿ ಕೇಳುತ್ತಾರೆ.

ಸಹವಾಸ ಶುರುವಾದಾಗ ಹೀಗಿರಲಿಲ್ಲ. ಅವನಿಗೆ ಕಥೆಯ ಹುಚ್ಚು ಹತ್ತಿಸಿದವನು ಯಲ್ಲಾಲಿಂಗ. ರಬಕವಿಯ ಮಗ್ಗದ ಮನೆಯವನು, ಜಮಖಂಡಿಯ ಹೈಸ್ಕೂಲಿನಲ್ಲಿ ಮಾಸ್ತರ, ತಾನೂ ಕಥೆ ಬರೆಯುವವನು. ಸಂಜೆ ಶಾಲೆ ಬಿಟ್ಟ ಮೇಲೆ ಊರಿನ ಬಸ್ಸಿಗೆಂದು ಬಂದು ಕಂಟ್ರೋಲರ್ ಕೋಣೆಯಲ್ಲಿ ಕೂತರೆ ಎರಡು ಬಸ್ಸು ಬಿಟ್ಟೇ ಏಳುತ್ತಿದ್ದ. ಇಬ್ಬರೂ ಬರೆದದ್ದನ್ನು ಒಬ್ಬರಿಗೊಬ್ಬರು ಓದುವುದು ಅಲ್ಲೇ. ಅದಕ್ಕೊಂದು ರೀತಿ ಇತ್ತು. ಒಂದು ವಾಕ್ಯ ಓದಬೇಕು. ನಡುವೆ ಬಸ್ಸು ಬಂದರೆ ದುರಗೇಶ ಮೈಕು ಹಿಡಿದು ಕೂಗಬೇಕು. ಆಮೇಲೆ ಕೇಳಿದವನು ಆ ವಾಕ್ಯವನ್ನು ನೆನಪಿನಿಂದ ಹೇಳಬೇಕು. ಹೇಳಲು ಬಂದರೆ ವಾಕ್ಯ ಉಳಿಯಿತು, ಬರದಿದ್ದರೆ ಅದರ ಹಣೆಬರಹ ಮುಗಿಯಿತು.

‘ಬಸ್ಸಿನ ಗದ್ದಲದಾಗ ಸಾಯೂ ಮಾತು ಪುಸ್ತಕದಾಗ ಬದಕ್ತೈತೇನಲೇ? ಹೊಡದ ಹಾಕು,’ ಎನ್ನುತ್ತಿದ್ದ ಯಲ್ಲಾಲಿಂಗ.

ಹೀಗೆ ಹೊಡೆದು ಹಾಕಿ ಹಾಕಿ ದುರಗೇಶನ ಬರವಣಿಗೆಗೆ ಒಂದು ಹದ ಬಂತು. ಸುಳ್ಳು ಮಾತು ಬಂದರೆ ಯಲ್ಲಾಲಿಂಗ ಕೆಮ್ಮುತ್ತಿದ್ದ. ದುರಗೇಶ ಒಬ್ಬನೇ ಬರೆಯುವಾಗಲೂ ಆ ಕೆಮ್ಮು ಕೇಳುತ್ತಿತ್ತು. ಪ್ರಭಾವ ಎಂದರೆ ಅದು. ಶಾಲು ಹೊದಿಸಿಕೊಂಡು ಭಾಷಣದಲ್ಲಿ ಹೇಳುವಂಥದ್ದಲ್ಲ.

ಆದರೆ ಕಥೆ ಬರೆದರೆ ಸಾಕೇ? ಪುಸ್ತಕ ಆಗಬೇಕು. ಪುಸ್ತಕ ಆಗಬೇಕಾದರೆ ಮುನ್ನುಡಿ ಬೇಕು. ಮುನ್ನುಡಿ ಬೇಕಾದರೆ ಮುಧೋಳದ ಬಸಗೊಂಡಪ್ಪನವರ ಪಡಸಾಲೆಗೆ ಹೋಗಬೇಕು. ಈ ಸೀಮೆಯ ಬರಹಗಾರರಲ್ಲಿ ಅದೊಂದು ಪದ್ಧತಿಯೇ ಆಗಿಹೋಗಿದೆ. ಬೀಳಗಿಯವನಿರಲಿ, ಬನಹಟ್ಟಿಯವನಿರಲಿ, ಬಸಗೊಂಡಪ್ಪನವರ ಮುನ್ನುಡಿ ಇಲ್ಲದ ಪುಸ್ತಕವೆಂದರೆ ಬಾಸಿಂಗವಿಲ್ಲದ ಮದುಮಗನಿದ್ದಂತೆ. ಊರಾಚೆ ಅವರ ಕಬ್ಬು ಕಣ್ಣು ಹಾಯುವವರೆಗೂ ಬೆಳೆದಿದೆ, ಕಪಾಟಿನಲ್ಲಿ ಅವರ ಕಾದಂಬರಿಗಳೂ ಹಾಗೇ ಬೆಳೆದಿವೆ. ಯಾವ ಪ್ರಶಸ್ತಿ ಯಾರಿಗೆ, ಯಾವ ಸಮ್ಮೇಳನಕ್ಕೆ ಯಾರು ಅಧ್ಯಕ್ಷ ಎಂಬುದು ಅವರ ಜೋಕಾಲಿ ತೂಗುವಾಗಲೇ ತೀರ್ಮಾನವಾಗುತ್ತದೆ.

ಆ ಪಡಸಾಲೆಯಲ್ಲಿ ಬರೆದವನು ಓದುವಂತಿಲ್ಲ. ಬಸಗೊಂಡಪ್ಪನವರೇ ಗಟ್ಟಿಯಾಗಿ ಓದುತ್ತಾರೆ. ಅವರು ಜೋಕಾಲಿಯ ಮೇಲೆ, ಬರೆದವನು ಚಾಪೆಯ ಮೇಲೆ, ನಡುವೆ ಅವರ ಉದ್ದ ಮೂತಿಯ ಬೇಟೆನಾಯಿ. ಓದುತ್ತಾ ಓದುತ್ತಾ ತಿದ್ದುತ್ತಾರೆ. ‘ಇಲ್ಲೆ ಒಂದೀಟು ಮಾನವೀಯತಾ ಹಾಕು,’ ಎನ್ನುತ್ತಾರೆ, ಸಾರಿಗೆ ಉಪ್ಪು ಹಾಕು ಅಂದಂತೆ. ಚಾಪೆಯ ಮೇಲಿದ್ದವನು ‘ಹೌದ್ರೀ ಸರ್’ ಎಂದು ತಲೆ ಆಡಿಸುತ್ತಾನೆ. ಬೇಸರವಾದಾಗ ಎದ್ದುಹೋಗುವ ಸ್ವಾತಂತ್ರ್ಯ ಅಲ್ಲಿ ನಾಯಿಗೆ ಮಾತ್ರ ಇತ್ತು.

ದುರಗೇಶನ ಮೊದಲ ಪುಸ್ತಕವೂ ಆ ಚಾಪೆಗೆ ಹೋಯಿತು. ಅದರಲ್ಲಿದ್ದ ಮುಖ್ಯ ಕಥೆ ಅವನ ಅವ್ವ ತಾರವ್ವನದು. ಕಥೆ ಅನ್ನಬೇಕೋ ಬೇಡವೋ, ಅಷ್ಟು ಸಣ್ಣ ಸಂಗತಿ. ಆಗ ದುರಗೇಶ ಬಗಲ ಕೂಸು. ತಾರವ್ವ ಮುಧೋಳದ ಹತ್ತಿರ ಒಬ್ಬ ಗೌಡರ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಳು. ಬೇಸಿಗೆಯ ಮಧ್ಯಾಹ್ನ. ನೀರಡಿಕೆಯಾಯಿತು. ಬೇವಿನ ಮರದ ಕೆಳಗೆ ತುಂಬಿದ ಕೊಡವಿತ್ತು. ಕೇರಿಯ ಹೆಂಗಸು ಅದನ್ನು ಮುಟ್ಟುವಂತಿರಲಿಲ್ಲ. ಮೇಲ್ಜಾತಿಯವರು ಯಾರಾದರೂ ಎತ್ತರದಿಂದ ಬೊಗಸೆಗೆ ಸುರಿಯಬೇಕಿತ್ತು. ಸುರಿಯುವ ಆಳು ಉಂಡು ಮಲಗಿದ್ದ. ಗೌಡರು ಅಲ್ಲೇ ಹೊರಸಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಾರವ್ವ ಬೊಗಸೆ ಒಡ್ಡಿ ನಿಂತಳು. ಗೌಡರು ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ, ಏಳಲೂ ಇಲ್ಲ. ಕೈ ಸೋತ ಮೇಲೆ ಆಕೆ ಸಾಲಿಗೆ ಮರಳಿ ಕಳೆ ತೆಗೆಯುವ ಕುರ್ಚಿಗಿ ಹಿಡಿದಳು. ಸಂಜೆ ಮನೆಗೆ ಬಂದು ನೀರು ಕುಡಿದಳು.

ಇಷ್ಟೇ ಕಥೆ. ಕಂಟ್ರೋಲರ್ ಕೋಣೆಯಲ್ಲಿ ಇದನ್ನು ಓದಿದ ದಿನ ಯಲ್ಲಾಲಿಂಗ ಒಮ್ಮೆಯೂ ಕೆಮ್ಮಲಿಲ್ಲ. ಅವನ ಕಡೇ ಬಸ್ಸೂ ಬಂದು ನಿಂತಿತು.

‘ಇಲ್ಲಿಗೇ ನಿಲ್ಲಸು,’ ಎಂದ ಎದ್ದು ನಿಂತು. ‘ಮುಂದ ಒಂದಕ್ಷರ ಬರದಿ ಅಂದ್ರ ನಿನ್ನ ಕೈ ಮುರೀತೇನಿ ನೋಡು.’

ಬಸಗೊಂಡಪ್ಪನವರು ಅದೇ ಕಥೆ ಓದಿ ಮುಗಿಸಿ ಹಾಳೆ ತಿರುವಿ ಹಿಂಬದಿ ನೋಡಿದರು.

‘ಕಥಿ ಎಲ್ಲಿ ಮುಗೀತೋ ತಮ್ಮಾ? ಓದುಗ ಬಾಯಿ ತಕ್ಕೊಂಡು ಕೂತಾನ. ಅವಗ ಏನ ಕೊಟ್ಟಿ? ಬರೇ ಸಿಟ್ಟ ಕೊಟ್ಟಿ. ಗೌಡನೂ ಮನಷ್ಯಾ ಅಲ್ಲೇನು? ಅವನ ಕರಳು ಕರಗಬೇಕು. ಅಂವ ಎದ್ದು ಬಂದು ತನ್ನ ಕೈಯಾರೆ ನೀರ ಹಾಕಬೇಕು. ಕಣ್ಣೀರ ಬರಬೇಕು. ಆಗ ನೋಡು, ಕಥಿ ಎಲ್ಲಿಗಿ ಹೋಗತೈತಿ!’ ಜೋಕಾಲಿ ನಿಲ್ಲಿಸಿ ಕೇಳಿದರು, ‘ಅಂದಂಗ, ಈ ಹೊಲ ನಮ್ಮದಲ್ಲ ಹೌದಲ್ಲೋ?’

ಅದು ಅವರ ತಂದೆಯ ಹೊಲವೇ ಆಗಿತ್ತು. ಹೊರಸಿನ ಮೇಲೆ ಕೂತವರು ಅವರ ತಂದೆಯೇ.

‘ಅಲ್ರೀ ಸರ್,’ ಎಂದ ದುರಗೇಶ.

ಅವನು ಹೆದರಿದನೋ, ಸಂಕೋಚಪಟ್ಟನೋ, ಮುನ್ನುಡಿಯ ಆಸೆಯೋ, ಅವನಿಗೇ ಗೊತ್ತಿಲ್ಲ. ಚಾಪೆಯ ಮೇಲೆ ಕೂತರೆ ಬಾಯಿಗೆ ಅಂಥ ಮಾತೇ ಬರುತ್ತದೆ. ಮನೆಗೆ ಬಂದು ಎರಡು ಪುಟ ಬರೆದು ಸೇರಿಸಿದ. ಮರುದಿನ ಆಕೆ ಮತ್ತೆ ಬೊಗಸೆ ಒಡ್ಡಿದಳು, ಗೌಡರು ಎದ್ದರು, ಕೊಡ ಎತ್ತಿದರು, ಸುರಿದರು, ಅತ್ತರು. ‘ಬೊಗಸೆಯಲ್ಲಿ ನೀರು ಯಾವುದು, ಕಣ್ಣೀರು ಯಾವುದು ಆಕೆಗೆ ತಿಳಿಯಲಿಲ್ಲ, ಎರಡನ್ನೂ ಕುಡಿದಳು’ ಎಂಬುದು ಕಡೆಯ ಸಾಲು. ಥೂ! ಬಸ್ಸು ಬರುವುದು ದೂರ ಉಳಿಯಿತು, ಸೈಕಲ್ಲಿನ ಗಂಟೆಗೂ ಸಾಯುವ ವಾಕ್ಯ. ಆದರೆ ಜನ ಅದನ್ನೇ ಬಾಯಿಪಾಠ ಮಾಡಿದರು. ಪುಸ್ತಕಕ್ಕೆ ಪ್ರಶಸ್ತಿ ಬಂತು. ವಿಮರ್ಶಕರೊಬ್ಬರು ಆ ಸಾಲನ್ನು ಹಿಡಿದು ನಾಲ್ಕು ಪುಟ ಬರೆದರು. ಆಗ ಯಲ್ಲಾಲಿಂಗ ಮಾತ್ರ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ಒಮ್ಮೆ ಕೆಮ್ಮಿ, ಬಸ್ಸು ಹತ್ತಿ ಹೋಗಿದ್ದ. ಆ ಕೆಮ್ಮಿನ ಮೇಲೆ ದುರಗೇಶನಿಗೆ ಇನ್ನೂ ಗೌರವವಿತ್ತು.

ಅವ್ವನಿಗೆ ಓದು ಬಾರದು. ದುರಗೇಶ ಆಕೆಗೆ ಕಥೆಯನ್ನು ಓದಿ ಹೇಳಿದ್ದ, ಮನೆಗೆ ಬಂದು ನೀರು ಕುಡಿಯುವವರೆಗೆ. ‘ಹೂಂನಪಾ, ಹಂಗ ಆತು,’ ಎಂದು ಆಕೆ ಜೋಳ ಹಸನು ಮಾಡುವುದನ್ನು ಮುಂದುವರಿಸಿದ್ದಳು. ಎರಡು ಪುಟವನ್ನು ಆಕೆಯ ಮುಂದೆ ಬಾಯಿ ಬಿಟ್ಟು ಓದುವ ಧೈರ್ಯ ಅವನಿಗೆ ಒಂಬತ್ತು ವರ್ಷವಾದರೂ ಬಂದಿರಲಿಲ್ಲ.

ಈ ವರ್ಷ ಬಸಗೊಂಡಪ್ಪನವರಿಗೆ ಎಪ್ಪತ್ತು ತುಂಬಿತು. ಎಪ್ಪತ್ತು ತುಂಬಿದ ಮೇಲೆ ಅಭಿನಂದನ ಗ್ರಂಥವಿಲ್ಲದೆ ಆದೀತೆ? ಮಡಿಕೇರಿಯಿಂದ ಬೀದರಿನ ತನಕ ಲೇಖನ ತರಿಸುತ್ತೇವೆಂದು ಹೊರಟ ಸಮಿತಿ ಕಡೆಗೆ ಮುಧೋಳ, ಬೀಳಗಿ, ಜಮಖಂಡಿಯಲ್ಲಿ ಚಾಪೆಯ ಮೇಲೆ ಕೂತೆದ್ದವರನ್ನೆಲ್ಲ ಹಿಡಿದು, ‘ಸರ್ ನಿಮ್ಮ ಮ್ಯಾಲ ಬೀರಿದ ಪ್ರಭಾವ’ ಎಂದು ಬರೆಸಿತು. ಆ ಸಮಿತಿಯ ಕಾರ್ಯದರ್ಶಿ ಯಾರೆಂದರೆ ಯಲ್ಲಾಲಿಂಗ!

ಒಂದು ರವಿವಾರ ಬೆಳಿಗ್ಗೆ ಅವನೇ ದುರಗೇಶನ ಮನೆಗೆ ಬಂದ. ಬಗಲಲ್ಲಿ ಸೀರೆಯ ಡಬ್ಬಿ, ಮುಖದಲ್ಲಿ ಮದುವೆ ಮನೆಯ ಕಳೆ. ಬರುವ ತಾಲೂಕು ಸಾಹಿತ್ಯ ಸಮ್ಮೇಳನಕ್ಕೆ ಅವನೇ ಅಧ್ಯಕ್ಷನೆಂದು ಗೊತ್ತಾಗಿತ್ತು. ಚಹಾ ಕುಡಿಯುತ್ತಾ ಗ್ರಂಥಕ್ಕೆ ತಾನು ಬರೆದ ಲೇಖನವನ್ನು ಮೊಬೈಲಿನಲ್ಲಿ ತೋರಿಸಿದ. ದುರಗೇಶ ಓದಿದ. ‘ದುರಗೇಶರ ಪ್ರಸಿದ್ಧ ಕಥೆಯ ಗೌಡರು ಬೇರಾರೂ ಅಲ್ಲ, ನಮ್ಮ ಸರ್ ಅವರ ಪೂಜ್ಯ ತಂದೆ. ಆ ಕಣ್ಣೀರಿನ ಪ್ರಸಂಗವನ್ನು ಲೇಖಕರಿಗೆ ತಿಳಿಸಿ ಬರೆಸಿದವರೇ ಸರ್. ಅದಿಲ್ಲದಿದ್ದರೆ ಅದು ಕಥೆಯಾಗುತ್ತಿರಲಿಲ್ಲ, ಬರೀ ದೂರುಪತ್ರವಾಗುತ್ತಿತ್ತು.’

ದುರಗೇಶ ಅರ್ಧ ಕುಡಿದ ಚಹಾದ ಬಟ್ಟಲನ್ನು ಕೆಳಗಿಟ್ಟ.

‘ಇಲ್ಲಿಗೇ ನಿಲ್ಲಸು ಅಂದಾಂವ ನೀನಽ ಅಲ್ಲೇನಲೇ?’

‘ಆಗ ನನಗ ಅಷ್ಟ ತಿಳೀತಿದ್ದಿಲ್ಲ,’ ಎಂದ ಯಲ್ಲಾಲಿಂಗ, ಕಣ್ಣನ್ನು ಗೋಡೆಯ ಕ್ಯಾಲೆಂಡರಿನ ಕಡೆಗೆ ತಿರುಗಿಸಿ. ‘ಸರ್ ಕೂಡ ಕುಂತು ಎದ್ದ ಮ್ಯಾಲ ಸಾಹಿತ್ಯ ಅಂದ್ರೇನು ಅನ್ನೂದು ತಿಳೀತು. ನೀನೂ ಒಂದೀಟು ತಾಳು, ನಿಂದೂ ಒಂದು ಸಮ್ಮೇಳನ ಬರತೈತಿ.’

ಆ ಮಾತು ಹೇಳುವಾಗ ಅವನ ಗಂಟಲು ಸ್ವಚ್ಛವಾಗಿತ್ತು, ಕೆಮ್ಮು ಬರಲಿಲ್ಲ. ಬಸಗೊಂಡಪ್ಪನವರ ಮೇಲೆ ದುರಗೇಶನಿಗೆ ಹೇಸಿಗೆ ಎಂದೋ ಹುಟ್ಟಿತ್ತು; ಅದು ದೂರದ ಗಟಾರದ ವಾಸನೆ, ಮೂಗು ಮುಚ್ಚಿಕೊಂಡರೆ ಆಯಿತು. ಇದು ಮನೆಯ ನೀರಿನ ಹರವಿಯಲ್ಲೇ ಹುಳ ಕಂಡಂತೆ ಆಯಿತು.

ಯಲ್ಲಾಲಿಂಗ ಸೀರೆಯ ಡಬ್ಬಿಯನ್ನು ತಾರವ್ವನ ತೊಡೆಯ ಮೇಲಿಟ್ಟ. ‘ಯವ್ವಾ, ಮುಂದಿನ ರವಿವಾರ ಮುಧೋಳದಾಗ ನಿನಗ ಸನ್ಮಾನ. ಈ ಸೀರಿ ಉಟ್ಕೊಂಡ ಬಾ. ದುರಗೇಶ ಕಥಿ ಓದ್ತಾನು. ನೀ ವೇದಿಕಿ ಮ್ಯಾಲ ಬೊಗಸಿ ಒಡ್ಡಬೇಕು. ಅವತ್ತ ದೊಡ್ಡ ಗೌಡ್ರು ನಿನಗ ನೀರ ಹಾಕಿಲ್ಲೇನು? ಹಂಗ ಸರ್ ಹಾಕ್ತಾರು.’

‘ಯಾವ ಗೌಡ ನನಗ ನೀರ ಹಾಕಿದ್ನೋ?’ ಎಂದಳು ತಾರವ್ವ.

‘ಕಥಿಯೊಳಗ ಐತೆಲ್ಲಬೇ!’ ಎಂದು ನಕ್ಕು ಅವನು ಗಾಡಿ ಹತ್ತಿ ಹೋದ.

ತಾರವ್ವ ಮಗನ ಮುಖ ನೋಡಲಿಲ್ಲ. ಸೊಸೆ ರೇಷ್ಮಾಳನ್ನು ಕರೆದು, ‘ಆ ಪುಸ್ತಕ ತಗೊಂಡ ಬಾ. ಪೂರಾ ಓದು. ಏನೂ ಬಿಡಬ್ಯಾಡ,’ ಎಂದಳು. ರೇಷ್ಮಾ ಗಂಡನ ಕಡೆಗೊಮ್ಮೆ ನೋಡಿ ಓದಿದಳು. ದುರಗೇಶ ಬಾಗಿಲ ಚೌಕಟ್ಟು ಹಿಡಿದು ನಿಂತ.

‘ಅತ್ತನಂತೇನ ಅಂವ?’ ಎಂದಳು ತಾರವ್ವ.

‘ಹೂಂ ಅತ್ತಿ, ಹಂಗ ಬರದಾರು.’

‘ದುರಗ್ಯಾ, ಇದನ್ನ ಮಂದಿ ಓದ್ಯಾರೇನು?’

‘ಓದ್ಯಾರಬೇ.’

‘ಅಂದ್ರ ನಾ ಅಲ್ಲಿ ನೀರ ಕುಡದೀನಿ ಅಂತ ತಿಳಕೊಂಡಾರ.’ ಆಕೆಯ ದನಿ ಏರಲಿಲ್ಲ. ‘ಅವನ ಮಾರಿ ತೊಳ್ಯಾಕ ನನ್ನ ನೀರಡಿಕಿ ಒಯ್ದು ಕೊಟ್ಟೆಲ್ಲೋ ಮಗನಽ. ನನ್ನ ಕಡೆ ಇದ್ದದ್ದು ಅದೊಂದಽ ಆಗಿತ್ತು.’

ಸೀರೆಯನ್ನು ತಿರುಗಿ ಕೊಡು, ನಾನು ಬರುವುದಿಲ್ಲ ಎಂದು ಹೇಳಿ ಎದ್ದು ಹಿತ್ತಲಿಗೆ ಹೋದಳು. ಆ ವಾರವಿಡೀ ಊಟಕ್ಕೆ ಬಡಿಸಿದಳು, ಮಾತಾಡಿದಳು, ಬೈಯಲಿಲ್ಲ. ಬೈದಿದ್ದರೆ ದುರಗೇಶನಿಗೆ ರೊಟ್ಟಿ ಇಳಿಯುತ್ತಿತ್ತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಗಿತ್ತು. ಸೀರೆಯನ್ನು ಯಲ್ಲಾಲಿಂಗನಿಗೆ ಮುಟ್ಟಿಸಿ, ಅವ್ವ ಬರುವುದಿಲ್ಲ, ನಾನು ಬಂದು ಓದುತ್ತೇನೆ ಎಂದ. ಮನಸ್ಸಿನಲ್ಲಿ ಒಂದೇ ಇತ್ತು: ಯಾರ ಮುಂದೆ ಆ ಸುಳ್ಳು ಮೆರೆಯಿತೋ ಅವರ ಮುಂದೆಯೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಅದಾಗದಿದ್ದರೆ ಅವ್ವನ ಎದುರು ಇನ್ನು ಪೆನ್ನು ಹಿಡಿಯುವ ಮಾತಿಲ್ಲ.

ಮುಧೋಳದ ಸಭಾಂಗಣ ತುಂಬಿತ್ತು. ಹೊರಗೆ ಬಿಸಿಲು, ಒಳಗೆ ಹೊಗಳಿಕೆ. ಯಾವುದರಲ್ಲಿ ಉಸಿರುಗಟ್ಟುವುದು ಹೆಚ್ಚೋ ಹೇಳಲು ಬರುವಂತಿರಲಿಲ್ಲ. ಒಬ್ಬರು ತಮ್ಮ ಮೊದಲ ಸಾಲು ಸರ್ ಅವರದು ಎಂದರು. ಇನ್ನೊಬ್ಬರು ಕಡೆಯ ಸಾಲೂ ಅವರದೇ ಎಂದರು. ಬೀಳಗಿಯ ಕವಿಯೊಬ್ಬರು ತಮ್ಮ ಉಸಿರಾಟವೇ ಸರ್ ಅವರ ಪ್ರಭಾವ ಎಂದು ಹೇಳಿ ಏದುಸಿರು ಬಿಡುತ್ತಾ ಕೂತರು. ಬಸಗೊಂಡಪ್ಪನವರು ಕೊರಳುದ್ದ ಹಾರ ಹಾಕಿಕೊಂಡು, ಯಾವ ಹೊಗಳಿಕೆಗೂ ನಾಚದೆ, ಯಾವುದನ್ನೂ ಬಿಡದೆ ತಲೆದೂಗುತ್ತಿದ್ದರು. ಅವರ ಕುರ್ಚಿಯ ಪಕ್ಕದ ಪುಟ್ಟ ಮೇಜಿನ ಮೇಲೆ ತುಂಬಿದ ಹಿತ್ತಾಳೆ ತಂಬಿಗೆ ಇತ್ತು.

ವೇದಿಕೆಯ ತುದಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಉಟ್ಟದ್ದು ಅದೇ ಸೀರೆ. ದುರಗೇಶ ಆಕೆಯನ್ನು ಹಿಂದೆಂದೂ ನೋಡಿರಲಿಲ್ಲ.

‘ಯಾರಲೇ ಆಕಿ?’ ಎಂದು ಯಲ್ಲಾಲಿಂಗನನ್ನು ಹಿಡಿದು ಕೇಳಿದ.

‘ನಿಮ್ಮವ್ವ ಬರಂಗಿಲ್ಲ ಅಂದ್ಳು. ಕಾರ್ಯಕ್ರಮ ನಿಲ್ಲಸಾಕ ಬರತೈತೇನು? ಕಬ್ಬಿನ ಹೊಲದಾಗ ಕೆಲಸಾ ಮಾಡಾಕತ್ತಿದ್ಳು, ಕರಕೊಂಡ ಬಂದೀವಿ. ಸಾಂಕೇತಿಕ ಅಂತ ತಿಳ್ಕೊ. ಯಾರಾದ್ರೇನು, ಮುದಕಿ ಮುದಕೀನಽ ಅಲ್ಲೇನು?’

ಇದನ್ನು ಹೇಳಿದವನು ಒಂದು ಕಾಲಕ್ಕೆ ಒಂದು ಹೆಚ್ಚಿನ ಪದಕ್ಕೆ ಬಸ್ಸು ತಪ್ಪಿಸಿಕೊಂಡು ಜಗಳಾಡುತ್ತಿದ್ದವನು. ಅಷ್ಟರಲ್ಲಿ ದುರಗೇಶನ ಹೆಸರು ಕೂಗಿದರು.

ಅವನು ಓದಿದ. ಮೈಕು ಅವನಿಗೆ ಹೊಸದಲ್ಲ. ಹೊಲ, ಬಿಸಿಲು, ಬೇವಿನ ಮರ, ಕೊಡ. ‘ಆಕೆ ಬೊಗಸೆ ಒಡ್ಡಿ ನಿಂತಳು’ ಎಂಬಲ್ಲಿಗೆ ಬಂದಾಗ ಆ ಮುದುಕಿ, ಹೇಳಿಕೊಟ್ಟಿದ್ದಂತೆ, ಎದ್ದು ಬಂದು ಬೊಗಸೆ ಒಡ್ಡಿ ನಿಂತಳು. ಬಸಗೊಂಡಪ್ಪನವರು ತಂಬಿಗೆಗೆ ಕೈ ಹಾಕಿದರು. ಫೋಟೋದವರು ಮುಂದೆ ನುಗ್ಗಿದರು. ದುರಗೇಶ ಮುಂದಿನ ನಾಲ್ಕು ಸಾಲು ಓದಿ, ಆಕೆ ಮನೆಗೆ ಬಂದು ನೀರು ಕುಡಿದಲ್ಲಿಗೆ ಪುಸ್ತಕ ಮುಚ್ಚಿದ.

‘ಕಥಿ ಇಲ್ಲಿಗೇ ಮುಗೀತು,’ ಎಂದ. ‘ಪುಸ್ತಕದಾಗ ಇನ್ನ ಎರಡ ಪುಟ ಅದಾವು. ಅವು ಸುಳ್ಳು. ಗೌಡ್ರು ಏಳಲಿಲ್ಲ, ನೀರ ಹಾಕಲಿಲ್ಲ, ಅಳಲಿಲ್ಲ. ಆ ಹೊಲ ಸರ್ ಮನೀದು. ಗೌಡ್ರು ಅಳಬೇಕು ಅಂತ ಸರ್ ಹೇಳಿದ್ರು, ನಾ ಹಂಗ ಬರದೆ. ನಮ್ಮವ್ವ ಅಲ್ಲಿ ನೀರ ಕುಡದಿಲ್ಲ. ಈಕಿ ನಮ್ಮವ್ವನೂ ಅಲ್ಲ.’

ಯಲ್ಲಾಲಿಂಗ ತಲೆ ತಗ್ಗಿಸಿದ. ಬಸಗೊಂಡಪ್ಪನವರ ಕೈ ತಂಬಿಗೆಯ ಮೇಲೆಯೇ ನಿಂತಿತು. ಅವರ ಮುಖ ಒಂದು ಕ್ಷಣ ಖಾಲಿಯಾಯಿತು. ದುರಗೇಶನಿಗೆ ಆ ಖಾಲಿ ಮುಖ ನೋಡಿ ಎಷ್ಟೋ ವರ್ಷದ ಮೇಲೆ ಎದೆ ಹಗುರಾಯಿತು.

ಆ ಸುಖ ಒಂದೇ ಕ್ಷಣದ್ದು. ಬಸಗೊಂಡಪ್ಪನವರು ತಂಬಿಗೆ ಬಿಟ್ಟು ಎದ್ದರು. ಎರಡೂ ಕೈ ಚಾಚಿ ಬಂದು ದುರಗೇಶನನ್ನು ಬಿಗಿಯಾಗಿ ತಬ್ಬಿಕೊಂಡು ಮೈಕು ಎಳೆದುಕೊಂಡರು.

‘ನೋಡ್ರಿ! ಇದನ್ನ ನಾ ಇವಗ ಕಲಿಸಿದ್ದು!’ ಅವರ ದನಿ ನಡುಗಿತು. ‘ಸತ್ಯಾ ಹೇಳು, ಗುರುವಿನ ಎದುರಿಗೇ ಹೇಳು ಅಂತ ಇಪ್ಪತ್ತ ವರ್ಷದಿಂದ ಹೇಳಾಕತ್ತೇನಿ. ಇವತ್ತ ಹೇಳಿದಾ! ನನ್ನ ಎಪ್ಪತ್ತ ವರ್ಷದ ಬಾಳು ಸಾರ್ಥಕ ಆತು!’

ಎದುರಿಗೆ ಕೂತವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ತಲೆ ತಗ್ಗಿಸಿದ್ದ ಯಲ್ಲಾಲಿಂಗ ತಲೆ ಎತ್ತಿದ್ದಷ್ಟೇ ಅಲ್ಲ, ಕಣ್ಣೊರೆಸಿಕೊಳ್ಳುತ್ತಾ ‘ಗುರುವಿಗೆ ತಕ್ಕ ಶಿಷ್ಯ!’ ಎಂದು ಇನ್ನೊಂದು ಮೈಕಿನಲ್ಲಿ ಕ್ಷಣವೂ ತಡಮಾಡದೆ ಕೂಗಿದ. ಯಾರೋ ದುರಗೇಶನಿಗೆ ಶಾಲು ಹೊದಿಸಿದರು. ಅವನು ಏನೋ ಹೇಳಲು ಹೋದ. ಮುಖ ಬಸಗೊಂಡಪ್ಪನವರ ಹಾರದಲ್ಲಿ, ಬಾಯಿಗೆ ಹೂವಿನ ಎಸಳು. ಮೂಗಿಗೆ ಅತ್ತರಿನ ವಾಸನೆ. ಉಗುಳಿದರೂ ನುಂಗುತ್ತಾರೆ ಇವರು, ನುಂಗಿ ಪ್ರಸಾದವೆಂದು ಹಂಚುತ್ತಾರೆ ಎಂದುಕೊಂಡ. ತಪ್ಪಿಸಿಕೊಂಡು ವೇದಿಕೆ ಇಳಿದವನು ಶಾಲನ್ನು ಕಡೆಯ ಸಾಲಿನ ಕುರ್ಚಿಯ ಮೇಲೆ ಬಿಸುಟು, ಬಸ್ ನಿಲ್ದಾಣಕ್ಕೆ ನಡೆದು, ಜಮಖಂಡಿಯ ಗಾಡಿ ಹತ್ತಿದ.

ಮನೆ ಮುಟ್ಟಿದಾಗ ಸಂಜೆಯ ಬಿಸಿಲು ಇನ್ನೂ ಕಟ್ಟೆಯ ಮೇಲಿತ್ತು. ತಾರವ್ವ ಅಲ್ಲೇ ಕೂತಿದ್ದಳು. ದುರಗೇಶ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದ: ಅವ್ವನ ಜಾಗದಲ್ಲಿ ತಂದು ನಿಲ್ಲಿಸಿದ ಮುದುಕಿ, ತಾನು ಪುಸ್ತಕ ಮುಚ್ಚಿದ್ದು, ಆ ಮನುಷ್ಯನ ಅಪ್ಪುಗೆ, ಚಪ್ಪಾಳೆ.

‘ನೀ ಕುಡದಿಲ್ಲ ಅಂತ ಎಲ್ಲಾರ ಮುಂದ ಹೇಳಿ ಬಂದೇನಬೇ,’ ಎಂದ.

‘ಛಲೋ ಆತು,’ ಎಂದಳು ತಾರವ್ವ. ಆ ವಾರದಲ್ಲಿ ಮೊದಲ ಸಲ ಅವನ ಬೆನ್ನ ಮೇಲೆ ಕೈ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

‘ಆಕಿಗಿ ನೀರ ಹಾಕಿದ್ರೋ ಇಲ್ಲೋ?’

‘ಯಾರಿಗಿ?’

‘ಬೊಗಸಿ ಒಡ್ಡಿ ನಿಂತಿದ್ಳು ಅಂದೆಲ್ಲ, ಆ ಮುದಕಿಗಿ.’

ದುರಗೇಶ ನೆನೆಸಿಕೊಂಡ. ಎಲ್ಲರೂ ಅವನ ಸುತ್ತ ನೆರೆದಿದ್ದರು. ಆಕೆ ಒಬ್ಬಳೇ ಹಾಗೇ ನಿಂತಿದ್ದಳು, ಕೈ ಕೆಳಗಿಳಿಸಲು ಯಾರೂ ಹೇಳಿರಲಿಲ್ಲ. ತುಂಬಿದ ತಂಬಿಗೆ ಮೇಜಿನ ಮೇಲಿತ್ತು. ಇಳಿದು ಬರುವಾಗ ಅವನ ಮೊಣಕೈ ಅದಕ್ಕೆ ತಾಗಿತ್ತು.

‘ಇಲ್ಲಬೇ,’ ಎಂದ. ‘ಯಾರೂ ಹಾಕಲಿಲ್ಲ.’

‘ನೀ?’

‘ನಾನೂ ಹಾಕಲಿಲ್ಲ.’

ತಾರವ್ವ ಅವನ ಬೆನ್ನ ಮೇಲಿನ ಕೈಯನ್ನು ತೆಗೆದಳು.